ಪಿಕಪ್ ಎತ್ತರಿಸಿ ದೊಡ್ಡ ಟೈರ್ ಹಾಕಿದ್ರೆ ಒಳಗೆ ಏನಾಗತ್ತೆ?

(ಈ ವಾರದ ವಿಡಿಯೋದ ಬರಹ ರೂಪ ಇದು. ಆಫೀಸ್‌ನಲ್ಲಿ ಕೂತು ವಿಡಿಯೋ ನೋಡೋಕಾಗಲ್ಲ, ಓದೋಕೆ ಕೊಡಿ ಅಂತ ಕೇಳ್ತಿರೋರಿಗಾಗಿ. ಮಾತಲ್ಲಿ ಅವಸರವಾಗಿ ಹೇಳಿದ ಲೆಕ್ಕಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.)



ಹೋದ ದೀಪಾವಳಿಗೆ ಎರಡು ದಿನ ಮುಂಚೆ ಪುಣೆಯಿಂದ ನನ್ನ ಗೆಳೆಯನ ಫೋನ್ ಬಂತು. ಹಿಂಜೆವಾಡಿಯಲ್ಲಿ ಕೆಲಸ, ಊರು ಹುಬ್ಬಳ್ಳಿ. ಅಪ್ಪ ಅಮ್ಮನ್ನ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಹಬ್ಬಕ್ಕೆ ಊರಿಗೆ ಹೊರಟಿದ್ದ. "ದೋಸ್ತ, ಖಂಬಾಟಕಿ ಘಾಟ್‌ನ್ಯಾಗ ನಿಂತೀನಿ. ಕ್ಲಚ್ ಸುಟ್ಟ ವಾಸ್ನಿ ಬರಾಕತ್ತೈತಿ. ಎಕ್ಸಲರೇಟರ್ ಒತ್ತಿದ್ರ ಎಂಜಿನ್ ಒದರತೈತಿ, ಗಾಡಿ ಮುಂದ ಹೋಗವಲ್ದು."

ಹಬ್ಬದ ಟ್ರಾಫಿಕ್ ಹೇಗಿರತ್ತೆ ಅಂತ ಆ ದಾರಿಯಲ್ಲಿ ಓಡಾಡೋರಿಗೆ ಹೇಳಬೇಕಾಗಿಲ್ಲ. ಪುಣೆಯಿಂದ ಸಾತಾರಾ ಕಡೆ ಹೋಗುವಾಗ ಏರು. ಮುಂದೆ ಲಾರಿ, ಹಿಂದೆ ಬಸ್ಸು, ಹತ್ತಡಿ ಹೋಗೋದು, ನಿಲ್ಲೋದು. ನಾಲ್ಕು ವರ್ಷದಿಂದ ಇದೇ ಗಾಡಿಯಲ್ಲಿ ಇದೇ ಘಾಟ್ ಹತ್ತಿದ್ದಾನೆ, ಒಂದು ದಿನವೂ ತೊಂದರೆ ಆಗಿರಲಿಲ್ಲ. ಈ ಸಲ ಬದಲಾಗಿದ್ದು ಒಂದೇ. ಎರಡು ತಿಂಗಳ ಹಿಂದೆ ಒಂದು ಗ್ಯಾರೇಜಲ್ಲಿ ಗಾಡಿಯನ್ನ ನಾಲ್ಕು ಇಂಚು ಎತ್ತರಿಸಿ, ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಕತ್ತರಿಸಿ, 35 ಇಂಚಿನ ಮಡ್ ಟೈರ್ ಹಾಕಿಸಿದ್ದ. ಫೋಟೋ ಕಳಿಸಿದಾಗ ನಾನೂ "ಸೂಪರ್ ಕಣೋ" ಅಂತಲೇ ರಿಪ್ಲೈ ಮಾಡಿದ್ದೆ. ಆ ಪಾಪದಲ್ಲಿ ನಂದೂ ಪಾಲಿದೆ ಅನ್ನೋದಕ್ಕೇ ಈ ವಿಡಿಯೋ.

ಕಾಮೆಂಟಲ್ಲಿ ಬರೋ ಪ್ರಶ್ನೆ ಯಾವಾಗಲೂ ಒಂದೇ: "ಟೈರ್ ತಾನೇ, ರಬ್ಬರ್ ತಾನೇ, ಅದಕ್ಕೂ ಕ್ಲಚ್‌ಗೂ ಏನ್ ಸಂಬಂಧ?"

ಗೇರ್ ಇರೋ ಸೈಕಲ್ ಓಡಿಸಿದ್ದೀರಲ್ಲ? ಏರು ಬಂದಾಗ ಹಿಂದೆ ದೊಡ್ಡ ಹಲ್ಲಿನ ಚಕ್ರಕ್ಕೆ ಚೈನ್ ತರ್ತೀವಿ. ಪೆಡಲ್ ಜಾಸ್ತಿ ಸಲ ತುಳೀಬೇಕು, ಆದ್ರೆ ಹಗುರ. ಈಗ ಅದೇ ಸೈಕಲ್‌ಗೆ ಹಿಂದೆ ದೊಡ್ಡ ಟೈರ್ ಹಾಕಿ ಅಂದ್ಕೊಳ್ಳಿ. ಪೆಡಲ್ ಒಂದು ಸುತ್ತು ಬಂದ್ರೆ ಮೊದಲಿಗಿಂತ ಜಾಸ್ತಿ ದೂರ ಹೋಗ್ತೀರಿ. ಆ ಜಾಸ್ತಿ ದೂರ ಪುಕ್ಕಟೆ ಬರಲ್ಲ, ಕಾಲು ಅಷ್ಟು ಜಾಸ್ತಿ ಒತ್ತಬೇಕು. ಅಂದ್ರೆ ಗೇರ್ ಮುಟ್ಟದೇನೇ ನೀವು ಗೇರ್ ಬದಲಾಯಿಸಿದ ಹಾಗಾಯ್ತು. ಅದೂ ಎಲ್ಲಾ ಗೇರನ್ನೂ ಒಟ್ಟಿಗೆ, ಕಷ್ಟದ ಕಡೆಗೆ.

ಎಷ್ಟು ಕಷ್ಟ ಅಂತ ಅಳೆಯೋಣ. ಟೊಯೋಟಾ ಹೈಲಕ್ಸ್‌ನ ನಮ್ಮ ದೇಶದ ಗಾಡಿಗೆ ಕಂಪನಿ ಕೊಡೋ ಒಂದು ಅಳತೆ 265/60 ಆರ್18. ಇದನ್ನ ಓದೋದು ಹೇಗೆ? ಟೈರ್ ಅಗಲ 265 ಮಿ.ಮೀ. ಅದರಲ್ಲಿ ಶೇ. 60, ಅಂದ್ರೆ 159 ಮಿ.ಮೀ. ಪಕ್ಕದ ಗೋಡೆಯ ಎತ್ತರ. ರಿಮ್ 18 ಇಂಚು, ಅಂದ್ರೆ 457 ಮಿ.ಮೀ. ಮೇಲೊಂದು ಗೋಡೆ ಕೆಳಗೊಂದು ಗೋಡೆ ಸೇರಿಸಿದ್ರೆ ಒಟ್ಟು ವ್ಯಾಸ 775 ಮಿ.ಮೀ., ಸುಮಾರು 30.5 ಇಂಚು. 35 ಇಂಚಿನ ಟೈರ್ 889 ಮಿ.ಮೀ. ಭಾಗಿಸಿ ನೋಡಿ, ಹತ್ತಿರ ಹತ್ತಿರ ಶೇ. 15 ದೊಡ್ಡದು.

ಹಿಂದಿನ ಡಿಫರೆನ್ಷಿಯಲ್ ಒಳಗೆ ಕ್ರೌನ್ ಪಿನಿಯನ್ ಅಂತ ಒಂದು ಜೋಡಿ ಹಲ್ಲುಚಕ್ರ ಇರತ್ತೆ. ಲೆಕ್ಕಕ್ಕೆ ಅದರ ರೇಷಿಯೋ 3.9 ಅಂತ ಇಟ್ಕೊಳ್ಳಿ. ಪ್ರೊಪೆಲ್ಲರ್ ಶಾಫ್ಟ್ 3.9 ಸುತ್ತು ತಿರುಗಿದ್ರೆ ಚಕ್ರ ಒಂದು ಸುತ್ತು. ಟೈರ್ ಶೇ. 15 ದೊಡ್ಡದಾದ್ರೆ ಎಂಜಿನ್ ಪಾಲಿಗೆ ಆ 3.9 ಅನ್ನೋದು 3.4 ಆದ ಹಾಗೆ. ರಸ್ತೆಯ ಮೇಲೆ ಸಿಗೋ ತಳ್ಳುಬಲ ಶೇ. 13ರಷ್ಟು ಇಳೀತು. ಬ್ರೇಕ್‌ಗೂ ಇದೇ ಲೆಕ್ಕ. ಪೆಡಲ್ ಅಷ್ಟೇ ಒತ್ತಿದ್ರೆ ರಸ್ತೆ ಮೇಲೆ ಹಿಡಿಯೋ ಬಲ ಶೇ. 13 ಕಡಿಮೆ. ಸ್ಪೀಡೋಮೀಟರ್ ಚಕ್ರದ ಸುತ್ತು ಎಣಿಸೋದ್ರಿಂದ, ಸರಿಪಡಿಸದಿದ್ರೆ 80 ಅಂತ ತೋರಿಸುವಾಗ ನೀವು ನಿಜಕ್ಕೂ 92ರ ಹತ್ರ ಇರ್ತೀರಿ. ಜಾಸ್ತಿ ಸ್ಪೀಡು, ಕಡಿಮೆ ಬ್ರೇಕು. ನನ್ನ ಗೆಳೆಯ ಇಷ್ಟು ದಿನ ಎಕ್ಸ್‌ಪ್ರೆಸ್‌ವೇಯಲ್ಲಿ ಹಾಗೇ ಓಡಾಡ್ತಿದ್ದ. ಅದು ಕ್ಲಚ್‌ಗಿಂತ ಹೆದರಿಕೆಯ ವಿಷಯ ಅಂತ ನನಗನ್ಸತ್ತೆ.

ಈಗ ಘಾಟ್‌ಗೆ ವಾಪಸ್ ಬರೋಣ. ಫಸ್ಟ್ ಗೇರ್‌ನಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಎಕ್ಸಲರೇಟರ್ ಮುಟ್ಟದೆ ಗಾಡಿ ತೆವಳತ್ತಲ್ಲ, ಆ ವೇಗ ಎಷ್ಟು? ಐಡಲಿಂಗ್ 750 ಆರ್‌ಪಿಎಂ, ಫಸ್ಟ್ ಗೇರ್ 4.3, ಡಿಫರೆನ್ಷಿಯಲ್ 3.9 ಅಂತ ಲೆಕ್ಕ ಹಾಕಿದ್ರೆ ಕಂಪನಿ ಟೈರ್‌ನಲ್ಲಿ ಗಂಟೆಗೆ 6.5 ಕಿ.ಮೀ. 35 ಇಂಚಿನಲ್ಲಿ 7.5 ಕಿ.ಮೀ. ಒಂದೇ ಕಿಲೋಮೀಟರ್ ವ್ಯತ್ಯಾಸ ತಾನೇ ಅನ್ನಬಹುದು. ಆದ್ರೆ ಅಷ್ಟು ವೇಗ ಬರೋ ತನಕ ಎಂಜಿನ್ ಒಂದು ವೇಗ, ಗೇರ್‌ಬಾಕ್ಸ್ ಇನ್ನೊಂದು ವೇಗ. ನಡುವೆ ಕ್ಲಚ್ ಪ್ಲೇಟ್ ಉಜ್ಜಿಕೊಂಡೇ ಇರಬೇಕು. ನಾವು ಹಾಫ್ ಕ್ಲಚ್ ಅಂತೀವಲ್ಲ, ಅದು. ಉಜ್ಜಿದಾಗ ಹುಟ್ಟೋ ಬಿಸಿ ಆ ವೇಗದ ವರ್ಗದ ಹಾಗೆ ಏರತ್ತೆ. 1.15ರ ವರ್ಗ 1.32. ಸಮತಟ್ಟು ರಸ್ತೆಯಲ್ಲೇ, ಪ್ರತಿ ಸಲ ಗಾಡಿ ಹೊರಡಿಸುವಾಗ, ಮೂರನೇ ಒಂದು ಪಾಲು ಹೆಚ್ಚು ಬಿಸಿ. ಏರಿನಲ್ಲಿ ಇನ್ನೂ ಜಾಸ್ತಿ. ಟ್ರಾಫಿಕ್ 4 ಕಿ.ಮೀ. ವೇಗದಲ್ಲಿ ತೆವಳ್ತಾ ಇದ್ರೆ ಕ್ಲಚ್ ಪೂರ್ತಿ ಬಿಡೋಕೆ ಅವಕಾಶವೇ ಸಿಗಲ್ಲ. ಮುಕ್ಕಾಲು ಗಂಟೆ ಹಾಗೆ ಹತ್ತಿದ್ರೆ ಪ್ಲೇಟ್ ಸೀದು ಹೋಗದೆ ಇನ್ನೇನಾಗತ್ತೆ.

ಆಟೋಮ್ಯಾಟಿಕ್ ಇದ್ರೆ ಬಚಾವ್ ಅಂದ್ಕೋಬೇಡಿ. ಅಲ್ಲಿ ಕ್ಲಚ್ ಪ್ಲೇಟ್ ಬದಲು ಟಾರ್ಕ್ ಕನ್ವರ್ಟರ್‌ನಲ್ಲಿ ಎಣ್ಣೆ ಕಡೆಯತ್ತೆ, ಬಿಸಿ ಎಣ್ಣೆಗೆ ಹೋಗತ್ತೆ. ಸುಟ್ಟ ವಾಸನೆ ಬೇಗ ಬರಲ್ಲ, ಅಷ್ಟೇ. ಬಿಲ್ ಮಾತ್ರ ದೊಡ್ಡದು.

ಲೈವ್‌ನಲ್ಲಿ ಒಬ್ಬರು ಕೇಳಿದ್ರು, "ನಾಲ್ಕು ಚಕ್ರದ ಲೋ ಗೇರ್ ಹಾಕಿದ್ರೆ ಆಗ್ತಿತ್ತಲ್ವಾ?" ಒಳ್ಳೇ ಪ್ರಶ್ನೆ. ಆದ್ರೆ ನಮ್ಮಲ್ಲಿ ಸಿಗೋ ಪಿಕಪ್‌ಗಳಲ್ಲಿ ಲೋ ಹಾಕಿದ್ರೆ ಮುಂದಿನ ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಂಡ ಹಾಗೆ, ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗ್ತವೆ. ಕೆಸರಲ್ಲಿ ಟೈರ್ ಜಾರಿ ಆ ವ್ಯತ್ಯಾಸ ಕಳೆದುಹೋಗತ್ತೆ. ಒಣ ಡಾಂಬರಿನ ಮೇಲೆ ಟೈರ್ ಜಾರಲ್ಲ, ಶಾಫ್ಟ್‌ಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ತವೆ. ಘಾಟ್ ಅಂದ್ರೆ ಬರೀ ತಿರುವು.

ಇಲ್ಲಿವರೆಗೆ ಹೇಳಿದ್ದು ಎಂಜಿನ್ ಕಡೆಯ ಕಥೆ. ನನಗೆ ಇದಕ್ಕಿಂತ ಇಷ್ಟವಾಗೋದು ಚಕ್ರದ ಕಡೆಯ ಕಥೆ, ಯಾಕಂದ್ರೆ ಅದನ್ನ ಗ್ಯಾರೇಜಿನವರು ಹೇಳೋದು ಕಡಿಮೆ.

ಹಳೇ ಮನೆಗಳಲ್ಲಿ ಫ್ಯೂಸ್ ಹೋದಾಗ ಅಪ್ಪ ಏನ್ ಮಾಡ್ತಿದ್ರು ನೆನಪಿದೆಯಾ? ತೆಳ್ಳನೆ ತಂತಿ ಪದೇ ಪದೇ ಸುಟ್ಟುಹೋಗತ್ತೆ ಅಂತ ಎರಡೆಳೆ ಸೇರಿಸಿ ಸುತ್ತಿಬಿಡೋರು. ಆಮೇಲೆ ಫ್ಯೂಸ್ ಹೋಗ್ತಿರಲಿಲ್ಲ, ಗೋಡೆ ಒಳಗಿನ ವೈರು ಹೋಗ್ತಿತ್ತು. ಗಾಡಿಯಲ್ಲಿ ಟೈರೇ ಫ್ಯೂಸು.

ಲೋ ರೇಂಜ್ ಫಸ್ಟ್ ಗೇರ್‌ನಲ್ಲಿ ಎಷ್ಟು ಟಾರ್ಕ್ ಹೊರಡಬಹುದು ನೋಡಿ. ಎಂಜಿನ್ 400 ನ್ಯೂಟನ್ ಮೀಟರ್, ಗುಣಿಸು ಫಸ್ಟ್ ಗೇರ್ 4.3, ಗುಣಿಸು ಲೋ ರೇಂಜ್ 2.5, ಗುಣಿಸು 3.9. ಹದಿನಾರು ಸಾವಿರಕ್ಕೂ ಮೇಲೆ. ಟೈರ್ ಎಷ್ಟು ತಡೆಯತ್ತೆ? ಒಂದು ಚಕ್ರದ ಮೇಲೆ 600 ಕೆ.ಜಿ. ಭಾರ ಇದೆ, ಅಂದ್ರೆ ಸುಮಾರು 6,000 ನ್ಯೂಟನ್. ಹಿಡಿತ ಶೇ. 80 ಅಂದ್ರೆ 4,800. ಅದನ್ನ ಟೈರ್ ತ್ರಿಜ್ಯ 0.3875 ಮೀಟರ್‌ನಿಂದ ಗುಣಿಸಿದ್ರೆ 1,860 ನ್ಯೂಟನ್ ಮೀಟರ್. ನಾಲ್ಕೂ ಚಕ್ರ ಸೇರಿ ಏಳೂವರೆ ಸಾವಿರ. ಎಂಜಿನ್ ಕೊಡಬಲ್ಲದ್ದು ಇದರ ಎರಡರಷ್ಟು. ಆದ್ರೂ ಆಕ್ಸಲ್ ಮುರಿಯಲ್ಲ ಯಾಕೆ? ಅಷ್ಟು ಬರೋ ಮೊದಲೇ ಟೈರ್ ಗಿರ್ರ್ ಅಂತ ಜಾರಿಬಿಡತ್ತೆ. ಆ ಜಾರೋದು ನಮಗೆ ಸೋಲಿನ ಹಾಗೆ ಕಾಣತ್ತೆ, ಆಕ್ಸಲ್ ಪಾಲಿಗೆ ಅದೇ ಪ್ರಾಣ ಉಳಿಸೋದು.

ಈಗ 35 ಇಂಚು, ಮೇಲೆ ಮಡ್ ಟೈರ್‌ನ ಕಚ್ಚಿ ಹಿಡಿಯೋ ದಪ್ಪ ಹಲ್ಲುಗಳು. ಕಲ್ಲುಮಣ್ಣಿನ ಜಾಗದಲ್ಲಿ ಹಿಡಿತ ಶೇ. 90ಕ್ಕೆ ಏರಿತು ಅಂತಿಟ್ಕೊಳ್ಳಿ. ತ್ರಿಜ್ಯ 0.4445. ಲೆಕ್ಕ ಬರೋದು 2,400. ಅದೇ ಆಕ್ಸಲ್ ಶಾಫ್ಟ್, ಅದೇ ಕಬ್ಬಿಣ, ಅದೇ ದಪ್ಪ. ಆದ್ರೆ ಟೈರ್ ಜಾರೋ ಮೊದಲು ಅದು ಹೊರಬೇಕಾದ ತಿರುಚುಬಲ ಶೇ. 29 ಜಾಸ್ತಿ. ಟೈರ್ ಎರಡು ಬಂಡೆ ನಡುವೆ ಸಿಕ್ಕಿಹಾಕಿಕೊಂಡು ಜಾರೋಕೇ ಆಗದಿದ್ರೆ? ಆಗ ಯಾವ ಮಿತಿಯೂ ಇಲ್ಲ. ಟಪ್ ಅಂತ ಒಂದು ಶಬ್ದ, ಮುಗೀತು.

ತೂಕದ ವಿಷಯ ಬೇರೆ. ಕಂಪನಿಯ ಟೈರ್ ಒಂದು 18 ಕೆ.ಜಿ. ಆಸುಪಾಸು ಇದ್ರೆ, 35 ಇಂಚಿನ ಮಡ್ ಟೈರ್ 30 ದಾಟತ್ತೆ. ಡಿಕ್ಕಿಯಲ್ಲಿ 14 ಕೆ.ಜಿ. ಅಕ್ಕಿ ಮೂಟೆ ಇಟ್ಟ ಹಾಗಲ್ಲ ಇದು. ತಿರುಗೋ ತೂಕ, ಅದೂ ಚಕ್ರದ ಅಂಚಿನಲ್ಲಿರೋ ತೂಕ. ತಿರುಗಿಸೋಕೆ ಬೇಕಾದ ಶ್ರಮ ತೂಕದ ಜೊತೆಗೆ ತ್ರಿಜ್ಯದ ವರ್ಗಕ್ಕೂ ಏರತ್ತೆ. 18ರಿಂದ 32 ಕೆ.ಜಿ. ಅಂತ ತಗೊಂಡ್ರೆ ಎರಡು ಕಾಲು ಪಟ್ಟಿಗೂ ಜಾಸ್ತಿ. ಗುಂಡಿಯಲ್ಲಿ ಒಂದು ಚಕ್ರ ಗಾಳಿಯಲ್ಲಿ ಜೋರಾಗಿ ತಿರುಗ್ತಿದೆ, ನೀವು ಎಕ್ಸಲರೇಟರ್ ಬಿಟ್ಟಿಲ್ಲ, ಅದು ದೊಪ್ಪನೆ ನೆಲಕ್ಕೆ ಬಡಿದು ಕಚ್ಚಿಕೊಳ್ತು. ಅಷ್ಟು ದೊಡ್ಡ ಬುಗುರಿ ಒಂದೇ ಕ್ಷಣದಲ್ಲಿ ನಿಂತ್ರೆ ಅದರ ಶಕ್ತಿ ಎಲ್ಲಿ ಹೋಗಬೇಕು? ಶಾಫ್ಟ್‌ಗೆ, ಜಾಯಿಂಟ್‌ಗೆ, ಕ್ರೌನ್ ಪಿನಿಯನ್ ಹಲ್ಲಿಗೆ. ಆಫ್‌ರೋಡ್‌ನಲ್ಲಿ ಮುರಿಯೋದು ಬಹಳ ಸಲ ಹೀಗೇ. ನಿಧಾನಕ್ಕೆ ಎಳೆಯುವಾಗ ಅಲ್ಲ, ಎಗರಿ ಬಿದ್ದಾಗ.

ಎತ್ತರಿಸೋದ್ರ ತೊಂದರೆ ಇನ್ನೊಂದು ತರ. ಮೊದಲು ಒಂದು ತಪ್ಪು ತಿಳುವಳಿಕೆ ತೆಗೆದುಬಿಡ್ತೀನಿ. ಲಿಫ್ಟ್ ಕಿಟ್ ಹಾಕಿದ್ರೆ ಬಾಡಿ, ಚಾಸಿ ಮೇಲೇರತ್ತೆ. ಹಿಂದಿನ ಡಿಫರೆನ್ಷಿಯಲ್ ಗುಂಡು ಚಕ್ರದ ಜೊತೆಗೇ ಇರೋದ್ರಿಂದ ಒಂದು ಮಿಲಿಮೀಟರೂ ಏರಲ್ಲ. ಕಲ್ಲಿಗೆ ಬಡಿಯೋದು ಅದೇ ಗುಂಡು. ಅದನ್ನ ಏರಿಸೋದು ಟೈರ್ ಮಾತ್ರ. ನಮ್ಮ ಲೆಕ್ಕದಲ್ಲಿ ವ್ಯಾಸ ಹೆಚ್ಚಿದ್ದು 114 ಮಿ.ಮೀ., ಅದರ ಅರ್ಧ 57 ಮಿ.ಮೀ. ಅಂದ್ರೆ ಲಿಫ್ಟ್ ಅನ್ನೋದು ಮುಖ್ಯವಾಗಿ ದೊಡ್ಡ ಟೈರ್‌ಗೆ ಜಾಗ ಮಾಡಿಕೊಡೋ ಕೆಲಸ.

ಆ ಜಾಗದ ಬೆಲೆ ಕೋನಗಳಲ್ಲಿ ತೆರಬೇಕು. ಗೇರ್‌ಬಾಕ್ಸ್ ಮೇಲೇರಿತು, ಆಕ್ಸಲ್ ಅಲ್ಲೇ ಉಳೀತು. ನಡುವಿನ ಪ್ರೊಪೆಲ್ಲರ್ ಶಾಫ್ಟ್ ಇಳಿಜಾರಾಯ್ತು. ಅದರ ಎರಡು ತುದಿಗೆ ಕ್ರಾಸ್ ಇರೋ ಯೂನಿವರ್ಸಲ್ ಜಾಯಿಂಟ್. 17ನೇ ಶತಮಾನದ ರಾಬರ್ಟ್ ಹುಕ್ ಹೆಸರಲ್ಲಿ ಇವತ್ತಿಗೂ ಕರೆಯೋ ಜಾಯಿಂಟ್ ಅದು. ಅದಕ್ಕೊಂದು ಕೆಟ್ಟ ಗುಣ ಇದೆ. ನೇರ ಇದ್ದಾಗ ಸಾಧು. ಬಗ್ಗಿಸಿ ತಿರುಗಿಸಿದ್ರೆ ಈ ಕಡೆ ಒಂದೇ ವೇಗ ಕೊಟ್ರೂ ಆ ಕಡೆ ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚಿ, ಎರಡು ಸಲ ಇಳಿಯತ್ತೆ. 10 ಡಿಗ್ರಿಯಲ್ಲಿ ಈ ಏರಿಳಿತ ಹೆಚ್ಚುಕಡಿಮೆ ಶೇ. ಒಂದೂವರೆ. 20 ಡಿಗ್ರಿಗೆ ಹೋದ್ರೆ ಶೇ. 6. ಕೋನ ಎರಡರಷ್ಟಾದ್ರೆ ಕಾಟ ನಾಲ್ಕರಷ್ಟು. ಎರಡೂ ತುದಿಯ ಕೋನ ಒಂದೇ ಇದ್ರೆ ಒಂದು ಜಾಯಿಂಟ್ ಮಾಡಿದ ತಪ್ಪನ್ನ ಇನ್ನೊಂದು ಸರಿಮಾಡತ್ತೆ. ಆದ್ರೆ ಕಡಿಮೆ ಖರ್ಚಿನಲ್ಲಿ ಎತ್ತರಿಸೋರು ಹಿಂದೆ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ನಡುವೆ ಕಬ್ಬಿಣದ ಬ್ಲಾಕ್ ಇಟ್ಟುಬಿಡ್ತಾರೆ. ಜೋರಾಗಿ ಎಳೆದಾಗ ಆ ಬ್ಲಾಕ್ ಸನ್ನೆಕೋಲಿನ ಹಾಗಾಗಿ ಆಕ್ಸಲ್ ಮೂತಿ ಮೇಲಕ್ಕೆತ್ತತ್ತೆ, ಎರಡು ಕೋನ ಬೇರೆ ಬೇರೆ ಆಗ್ತವೆ. ಉದ್ದದ ಪಿಕಪ್‌ಗಳಲ್ಲಿ ಶಾಫ್ಟ್ ಎರಡು ತುಂಡಾಗಿ ನಡುವೆ ಒಂದು ಸೆಂಟರ್ ಬೇರಿಂಗ್ ಇರೋದ್ರಿಂದ ಅಲ್ಲೂ ಸೊಟ್ಟ. ಹೊರಡುವಾಗ ಕುಂಡಿ ಕೆಳಗೆ ಗುಡುಗುಡು ಅಂತ ಅದುರೋದು ಇದೇ. ಗೆಳೆಯನ ಗಾಡಿಯಲ್ಲಿ ಎರಡು ತಿಂಗಳಿಂದ ಅದು ಇತ್ತು. ಮಡ್ ಟೈರ್ ಅಂದ್ಮೇಲೆ ಅದುರತ್ತೆ ಸಾರ್ ಅಂತ ಗ್ಯಾರೇಜಿನವರು ಹೇಳಿ ಕಳಿಸಿದ್ರಂತೆ.

ಮುಂದುಗಡೆ ಜಾಯಿಂಟ್ ಬೇರೆ ತರದ್ದು. ಸಿವಿ ಜಾಯಿಂಟ್, ಒಳಗೆ ಗುಂಡುಗಳಿರತ್ತೆ, ಬಗ್ಗಿದ್ರೂ ವೇಗ ಏರಿಳಿಯಲ್ಲ. ಆದ್ರೆ ಯಾವಾಗಲೂ ಬಗ್ಗಿಕೊಂಡೇ ತಿರುಗಿದ್ರೆ ಗುಂಡು ಓಡಾಡೋ ಗಾಡಿಗಳು ಸವೆಯತ್ತೆ, ಮೇಲಿನ ರಬ್ಬರ್ ಬೂಟ್‌ನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯತ್ತೆ, ಗ್ರೀಸ್ ಹೊರಗೆ, ಮಣ್ಣು ಒಳಗೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅಂದ್ರೆ ಅದರ ಕಥೆ ಮುಗೀತಾ ಬಂತು ಅಂತಲೇ. ಜೊತೆಗೆ ಅಗಲದ ರಿಮ್ ಹಾಕಿ ಚಕ್ರ ಹೊರಗೆ ತಳ್ಳಿದ್ರೆ ವೀಲ್ ಬೇರಿಂಗ್, ಬಾಲ್ ಜಾಯಿಂಟ್, ಟೈ ರಾಡ್ ಎಲ್ಲಕ್ಕೂ ಸನ್ನೆ ಜಾಸ್ತಿ.

ಹಾಗಾದ್ರೆ ಜಗತ್ತಿನಲ್ಲಿ ಯಾರೂ ದೊಡ್ಡ ಟೈರ್ ಹಾಕಲ್ವಾ? ಹಾಕ್ತಾರೆ, ಅಗತ್ಯ ಇದ್ದೋರು ಪೂರ್ತಿ ಕೆಲಸ ಮಾಡಿ ಹಾಕ್ತಾರೆ. ಐಸ್‌ಲ್ಯಾಂಡ್‌ನ ಆರ್ಕ್ಟಿಕ್ ಟ್ರಕ್ಸ್ ಅನ್ನೋ ಕಂಪನಿ ಹೈಲಕ್ಸ್‌ಗೆ 38 ಇಂಚು ಹಾಕತ್ತೆ. 2007ರಲ್ಲಿ ಟಾಪ್ ಗೇರ್‌ನವರು ಉತ್ತರ ಧ್ರುವದ ಕಡೆ ಹೋಗಿದ್ದು ಅಂಥ ಗಾಡಿಯಲ್ಲೇ. ಅಲ್ಲಿ ದೊಡ್ಡ ಟೈರ್ ಶೋಕಿಗಲ್ಲ. ಗಾಳಿ ಪೂರ್ತಿ ಇಳಿಸಿದ ಹಾಗೆ ಮಾಡಿ, ಅಗಲವಾಗಿ ಹರಡಿಕೊಂಡು, ಹಿಮದಲ್ಲಿ ಹೂತುಹೋಗದೆ ಮೇಲೆ ತೇಲೋಕೆ.

ಅಮೆರಿಕದ ಉದಾಹರಣೆ ಇನ್ನೂ ಸ್ಪಷ್ಟ. ಜೀಪ್ ರ‍್ಯಾಂಗ್ಲರ್ ರೂಬಿಕಾನ್ 33 ಇಂಚಿನ ಟೈರ್, 4.10 ಆಕ್ಸಲ್ ರೇಷಿಯೋ ಜೊತೆ ಬರತ್ತೆ. 2021ರಲ್ಲಿ ಕಂಪನಿಯೇ 35 ಇಂಚಿನ ಪ್ಯಾಕೇಜ್ ತಂದಾಗ ಬರೀ ಟೈರ್ ಬದಲಿಸಲಿಲ್ಲ. ರೇಷಿಯೋವನ್ನ 4.56ಕ್ಕೆ ಏರಿಸಿದ್ರು. ಎತ್ತರಿಸಿದ್ದು ಒಂದೂವರೆ ಇಂಚು ಮಾತ್ರ. ಸ್ಟೆಪ್ನಿ ನೇತಾಡೋ ಹಿಂಬಾಗಿಲಿಗೂ ಬಲ ಕೊಟ್ಟರು, ಯಾಕಂದ್ರೆ ಅಲ್ಲೂ ಆ ಭಾರದ ಟೈರೇ ತೂಗಬೇಕಲ್ಲ. ನಮ್ಮ 3.9ಕ್ಕೆ ಶೇ. 15 ಸೇರಿಸಿ ನೋಡಿ, ಬರೋದು 4.48. ಅವರು ಆರಿಸಿಕೊಂಡ ಸಂಖ್ಯೆಯ ಪಕ್ಕದಲ್ಲೇ ಇದೆ.

ಆದ್ರೆ ರೇಷಿಯೋ ಬದಲಿಸೋದೂ ಪುಕ್ಕಟೆ ಅಲ್ಲ. ಅಲ್ಲಿನ ಜೀಪ್‌ಗಳಲ್ಲಿ ಸಾಮಾನ್ಯವಾಗಿ 4.10 ಅಂದ್ರೆ ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10. 4.56 ಅಂದ್ರೆ 41ಕ್ಕೆ 9. 4.88 ಅಂದ್ರೆ 39ಕ್ಕೆ 8. ರೇಷಿಯೋ ಏರಿದ ಹಾಗೆ ಪಿನಿಯನ್ ಚಿಕ್ಕದಾಗ್ತಾ ಹೋಗತ್ತೆ. ಕ್ಲಚ್ ಬದುಕತ್ತೆ, ಹೊರೆ ಹಲ್ಲಿನ ಮೇಲೆ ಬೀಳತ್ತೆ. ಆಕ್ಸಲ್ ಶಾಫ್ಟ್‌ನ ಕಷ್ಟ ಹಾಗೇ ಇರತ್ತೆ, ಅದಕ್ಕೆ ಕಾರಣ ಟೈರ್‌ನ ತ್ರಿಜ್ಯ ತಾನೇ. ಮೇಲಾಗಿ ನಾಲ್ಕು ಚಕ್ರದ ಗಾಡಿಯಲ್ಲಿ ಮುಂದೆ ಹಿಂದೆ ಎರಡೂ ಕಡೆ ಬದಲಿಸಲೇಬೇಕು. ಅಲ್ಲಿ ಈ ಸಾಮಾನು ಅಂಗಡಿಯಲ್ಲಿ ಸಿಗತ್ತೆ. ಇಲ್ಲಿ ತರಿಸಬೇಕು, ಕೂರಿಸೋಕೆ ಹಲ್ಲುಗಳ ನಡುವಿನ ಸಂದು ಅಳೆದು ಹೊಂದಿಸೋ ಕೈ ಬೇಕು. ಇಲ್ಲದಿದ್ರೆ ಹೊಸ ಕ್ರೌನ್ ಪಿನಿಯನ್ ಕೆಲವೇ ಸಾವಿರ ಕಿಲೋಮೀಟರಿಗೆ ಕೂಗೋಕೆ ಶುರು ಮಾಡತ್ತೆ.

ಕಾನೂನು ಮರೀಬೇಡಿ. ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಇನ್ನು ಅಪಘಾತ ಆದಾಗ ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡೋದೇ ಇಂಥದ್ದನ್ನ.

ಗೆಳೆಯನ ಕಥೆ ಏನಾಯ್ತು ಅಂತ ಕೇಳ್ತೀರಿ. ಅಪ್ಪ ಅಮ್ಮನ್ನ ಘಾಟ್‌ನಲ್ಲೇ ಒಂದು ಹುಬ್ಬಳ್ಳಿ ಬಸ್ ನಿಲ್ಲಿಸಿ ಹತ್ತಿಸಿದ. ಗಾಡಿ ಕ್ರೇನ್‌ಗೆ ಕಟ್ಟಿಸಿಕೊಂಡು ಪುಣೆಗೆ ವಾಪಸ್. ಬಿಚ್ಚಿ ನೋಡಿದಾಗ ಕ್ಲಚ್ ಪ್ಲೇಟ್ ರಿವೆಟ್ ತನಕ ಸವೆದಿತ್ತು, ಪ್ರೆಶರ್ ಪ್ಲೇಟ್ ನೀಲಿಗಟ್ಟಿತ್ತು. ಮುಂದೆ ಎಡಗಡೆ ಬೂಟ್ ಹರಿದು ಗ್ರೀಸ್ ರಿಮ್‌ಗೆಲ್ಲಾ ಎರಚಿತ್ತು. ಆ ಹಬ್ಬ ಅವನು ಪುಣೆಯ ರೂಮಲ್ಲೇ ಮಾಡಿದ.

ಈಗ ಲಿಫ್ಟ್ ತೆಗೆಸಿ ಕಂಪನಿ ಸ್ಪ್ರಿಂಗ್‌ಗೆ ವಾಪಸ್ ಬಂದಿದ್ದಾನೆ. ಟೈರ್ 265/65 ಆರ್18, ಅಂದ್ರೆ ಸುಮಾರು 802 ಮಿ.ಮೀ. ಮೊದಲಿದ್ದದ್ದಕ್ಕಿಂತ ಶೇ. 3.5 ಒಳಗೇ ಜಾಸ್ತಿ. ಅಷ್ಟಕ್ಕೂ ಅವನು ಎರಡು ದಿನ ಎಕ್ಸೆಲ್ ಶೀಟ್ ಹಾಕ್ಕೊಂಡು ಕೂತಿದ್ದ. 35 ಇಂಚಿನ ನಾಲ್ಕು ಟೈರ್ ಸೊಸೈಟಿಯ ಪಾರ್ಕಿಂಗಲ್ಲಿ ಟಾರ್ಪಾಲ್ ಮುಚ್ಚಿಕೊಂಡು ಬಿದ್ದಿವೆ. ಸೆಕ್ರೆಟರಿ ಎರಡು ಸಲ ನೋಟಿಸ್ ಕೊಟ್ಟಿದ್ದಾರೆ. ಯಾರಾದ್ರೂ ತಗೋತೀರಾ ಅಂತ ಮಾತ್ರ ಇಲ್ಲಿ ಕೇಳಬೇಡ ಅಂತ ನಾನೇ ಅವನಿಗೆ ಹೇಳಿದ್ದೀನಿ.